ಹೊಸ ನಾಯಿ ಮಂಚದ ಕೆಳಗಿಂದ ಬರುತ್ತಿಲ್ಲ ಅಂದರೆ

ಶೆಲ್ಟರ್‌ನಿಂದ ತಂದ ನಾಯಿ ಎರಡು ದಿನದಿಂದ ಮಂಚದ ಕೆಳಗೇ ಇದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾತ್ರ ಸ್ವಲ್ಪ ತಿನ್ನುತ್ತದೆ, ವಾಪಸ್ ಕೊಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಡಬೇಡಿ. ರಾತ್ರಿ ಎದ್ದು ತಿನ್ನುತ್ತಿದೆ ಅನ್ನುವುದು ಒಳ್ಳೆಯ ಸುದ್ದಿ. ಅದಕ್ಕೆ ಹಸಿವಿದೆ, ಧೈರ್ಯ ಇನ್ನೂ ಬಂದಿಲ್ಲ, ಅಷ್ಟೇ.

ಅದರ ಪಾಲಿಗೆ ವಾಸನೆ, ಸದ್ದು, ಮುಖ ಎಲ್ಲವೂ ಹೊಸದು ಅಲ್ವಾ? ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ನಂಬಿಕೆ ಅಂತ ನಾಯಿ ಸಾಕುವವರು ಒಂದು ಅಂದಾಜು ಹೇಳುತ್ತಾರೆ. ಕೆಲವಕ್ಕೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ಎಳೆದು ಹೊರಗೆ ತರಬೇಡಿ. ಹೆದರಿದ ನಾಯಿ ಕಚ್ಚಬಹುದು, ಹಾಗಾಗಿ ಮಕ್ಕಳು ಕೆಳಗೆ ಕೈ ಹಾಕದಂತೆ ನೋಡಿಕೊಳ್ಳಿ. ನೀವು ಅದೇ ಕೋಣೆಯಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಸುಮ್ನೆ ಕೂತಿರಿ. ದಿಟ್ಟಿಸಿ ನೋಡುವುದು, ಮೇಲಿಂದ ಬಗ್ಗಿ ತಲೆ ಸವರುವುದು ಅದಕ್ಕೆ ಬೆದರಿಕೆಯಂತೆ ಕಾಣುತ್ತದೆ. ಆಗಾಗ ಒಂದು ತುಣುಕು ತಿಂಡಿ ಅದರ ಕಡೆ ಉರುಳಿಸಿ. ಊಟ ಸದ್ಯ ಶೆಲ್ಟರ್‌ನಲ್ಲಿ ಕೊಡುತ್ತಿದ್ದುದೇ ಇರಲಿ, ಥಟ್ಟನೆ ಬದಲಿಸಿದರೆ ಭೇದಿ ಆಗಬಹುದು. ಸ್ನಾನ, ನೆಂಟರು ಎಲ್ಲ ಆಮೇಲೆ.

ಬಾಗಿಲಿನ ಬಗ್ಗೆ ಮಾತ್ರ ತುಂಬಾ ಎಚ್ಚರ. ಹೊಸ ನಾಯಿಗಳು ಗಾಬರಿಯಲ್ಲಿ ಓಡಿಬಿಡುತ್ತವೆ, ವಾಪಸ್ ಬರುವ ದಾರಿಯೂ ಅವಕ್ಕೆ ಗೊತ್ತಿರುವುದಿಲ್ಲ. ಅಂಗಳಕ್ಕೂ ಬೆಲ್ಟ್ ಹಾಕಿಯೇ ಕರೆದುಕೊಂಡು ಹೋಗಿ.

ನೀರು ಕುಡಿಯುವುದನ್ನೇ ನಿಲ್ಲಿಸಿದರೆ, ಅಥವಾ ವಾಂತಿ, ಭೇದಿ, ಕೆಮ್ಮು ಕಂಡರೆ ಕಾಯಬೇಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ. ಲಸಿಕೆಯ ಕಾರ್ಡ್ ಜೊತೆಗಿರಲಿ.