ಓದುಗರ ಪ್ರಶ್ನೆ: ನಮ್ಮ ಕಡಲಿಗೂ ಸುನಾಮಿ ಬಂದೀತೇ?

ಪ್ರಶ್ನೆ: ಮಳೆಗಾಲದ ಕಡಲ್ಕೊರೆತ ನಮಗೆ ಹೊಸದಲ್ಲ. ಆದರೆ ಸುನಾಮಿ ಎಂಬುದು ಮದ್ರಾಸ್ ಕಡೆಯ ವಿಷಯ, ಪಡುಗಡಲಿಗೆ ಅದು ಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ನಿಜವೇ? – ಓದುಗರು, ಉಳ್ಳಾಲ

ಉತ್ತರ: ಹಿರಿಯರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ಸಮುದ್ರದ ತಳದಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುವ ಜಾಗಗಳಲ್ಲಿ ದೊಡ್ಡ ಭೂಕಂಪವಾಗಿ ತಳವೇ ಮೇಲೆದ್ದಾಗ ಅದರ ಮೇಲಿನ ನೀರೂ ಎದ್ದು ಸುತ್ತಲೂ ಹರಡುತ್ತದೆ; ಅದೇ ಸುನಾಮಿ. ಅಂಥ ಜಾಗ ಮಂಗಳೂರು, ಉಡುಪಿಯ ಹತ್ತಿರ ಇಲ್ಲ. ಹಿಂದೂ ಮಹಾಸಾಗರದ ಸುತ್ತ ನಾವು ಕಣ್ಣಿಡಬೇಕಾದವು ಎರಡು: ಸುಮಾತ್ರಾದಿಂದ ಅಂಡಮಾನಿನವರೆಗೆ ಚಾಚಿರುವ ಪಟ್ಟಿ ಮತ್ತು ಇರಾನ್, ಪಾಕಿಸ್ತಾನಗಳ ತೀರಕ್ಕೆ ಹೊಂದಿಕೊಂಡಿರುವ ಮಕ್ರಾನ್ ಪಟ್ಟಿ.

ಈ ಎರಡನೆಯದು ಅರಬ್ಬೀ ಸಮುದ್ರದಲ್ಲೇ ಇದೆ ಎಂಬುದನ್ನು ನಮ್ಮವರು ಹೆಚ್ಚಾಗಿ ಮರೆಯುತ್ತಾರೆ. 1945ರ ನವೆಂಬರ್ 28ರ ನಸುಕಿನಲ್ಲಿ ಮಕ್ರಾನಿನಲ್ಲಿ ಸುಮಾರು 8.1ರ ತೀವ್ರತೆಯ ಭೂಕಂಪವಾದಾಗ ಎದ್ದ ಸುನಾಮಿ ಮುಂಬಯಿಯಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು; ನೀರಿನ ಏರಿಳಿತ ನಮ್ಮದೇ ಕಾರವಾರದವರೆಗೂ ಕಂಡುಬಂದಿತ್ತು. ಇನ್ನು 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಹುಟ್ಟಿದ ಸುನಾಮಿ ತಮಿಳುನಾಡನ್ನು ಹೊಡೆದು ಅಲ್ಲಿಗೇ ನಿಲ್ಲಲಿಲ್ಲ. ಶ್ರೀಲಂಕೆಯನ್ನೂ ಪರ್ಯಾಯ ದ್ವೀಪದ ತುದಿಯನ್ನೂ ಬಳಸಿ ಬಂದು ಮಧ್ಯಾಹ್ನದ ಹೊತ್ತಿಗೆ ಕೇರಳದ ಪಡುವಣ ತೀರಕ್ಕೆ ಅಪ್ಪಳಿಸಿತು. ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಎಂಬ ಒಂದೇ ಪಂಚಾಯತಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದು ಪಡುಗಡಲೇ ಅಲ್ಲವೇ? ಆದ್ದರಿಂದ ಅಪಾಯ ಕಡಿಮೆ ಎನ್ನಬಹುದು, ಇಲ್ಲವೇ ಇಲ್ಲ ಎನ್ನಲಾಗದು.

ಪ್ರಶ್ನೆ: ತೂಫಾನಿನ ಅಲೆಗೂ ಸುನಾಮಿಗೂ ಏನು ವ್ಯತ್ಯಾಸ? ತೌಕ್ತೆ ಚಂಡಮಾರುತದಲ್ಲಿ ನಾವು ಕಂಡದ್ದು ಸಣ್ಣ ಅಲೆಗಳನ್ನೇನಲ್ಲ. – ಓದುಗರು, ಸುರತ್ಕಲ್

ಉತ್ತರ: 2021ರ ಮೇ ತಿಂಗಳಿನ ಆ ಅಲೆಗಳು ಗಾಳಿಯಿಂದ ಎದ್ದವು. ಗಾಳಿಯ ಅಲೆ ಎಷ್ಟೇ ಎತ್ತರವಿದ್ದರೂ ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಬಂದು ಒಡೆದು ಹಿಂದಿರುಗುತ್ತದೆ, ಮತ್ತು ಅದರ ಕುಲುಕಾಟ ಕಡಲಿನ ಮೇಲುಪದರಕ್ಕೆ ಮಾತ್ರ ಸೇರಿದ್ದು. ಸುನಾಮಿಯಲ್ಲಾದರೋ ತಳದಿಂದ ಮೇಲಿನವರೆಗೆ ಇಡೀ ನೀರೇ ಚಲಿಸುತ್ತದೆ. ಒಂದು ಏರಿಗೂ ಮುಂದಿನ ಏರಿಗೂ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಅಂತರವಿರಬಹುದು. ಚಿತ್ರಗಳಲ್ಲಿ ಬರೆಯುವ ಹೆಡೆ ಬಿಚ್ಚಿದ ಹಾವಿನಂಥ ಅಲೆಯನ್ನು ಮನಸ್ಸಿನಿಂದ ತೆಗೆದುಹಾಕುವುದು ಒಳ್ಳೆಯದು. ಹೆಚ್ಚಿನ ಕಡೆ ಅದು ತಡೆಯಿಲ್ಲದೆ ಏರುತ್ತಲೇ ಹೋಗುವ ಭರತದ ಹಾಗೆ, ತುಂಬಿ ಹರಿಯುವ ಹೊಳೆಯ ಹಾಗೆ ಒಳಗೆ ನುಗ್ಗುತ್ತದೆ. ಮೊಣಕಾಲು ಮಟ್ಟದ ಆ ಸೆಳೆತಕ್ಕೂ ಆಳು ನಿಲ್ಲುವುದು ಕಷ್ಟ.

ಅದರ ವೇಗ ನೀರಿನ ಆಳವನ್ನು ಅವಲಂಬಿಸಿದೆ. ನಾಲ್ಕು ಸಾವಿರ ಮೀಟರ್ ಆಳದ ಕಡಲಿನಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್ ಓಡುವ ಅದೇ ಅಲೆ ಐವತ್ತು ಮೀಟರ್ ಆಳಕ್ಕೆ ಬಂದಾಗ 80 ಕಿಲೋಮೀಟರಿಗೆ ಇಳಿಯುತ್ತದೆ. ವೇಗ ತಗ್ಗಿದಂತೆ ಹಿಂದಿನ ನೀರು ಮುಂದಿನದರ ಮೇಲೆ ಒತ್ತಿ ಎತ್ತರ ಹೆಚ್ಚುತ್ತದೆ.

ಪ್ರಶ್ನೆ: ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದಿದೆ, ಮೀನುಗಳು ರಾಶಿರಾಶಿ ದಡಕ್ಕೆ ಬರುತ್ತಿವೆ, ಸುನಾಮಿ ಬರಲಿದೆ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಆಗಾಗ ಬರುತ್ತವೆ. ನಂಬಬೇಕೇ? – ಓದುಗರು, ಕಾಪು

ಉತ್ತರ: ಮೀನಿನ ಮಾತನ್ನು ಬಿಡಿ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮೀನುಗಳು ದಡಕ್ಕೆ ಬರುವುದುಂಟು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತವೂ ಹೊಸಬರ ಕಣ್ಣಿಗೆ ಕಡಲು ಓಡಿಹೋದಂತೆ ಕಾಣಿಸುತ್ತದೆ, ಆದರೆ ಅದು ಗಂಟೆಗಟ್ಟಲೆ ನಿಧಾನವಾಗಿ ನಡೆಯುವ ಕ್ರಿಯೆ. ಕೆಲವೇ ನಿಮಿಷಗಳಲ್ಲಿ ನೀರು ಇಳಿದು, ಎಂದೂ ಕಾಣದ ಬಂಡೆ, ಮರಳು ಬಯಲಾದರೆ ಮಾತ್ರ ಯಾರನ್ನೂ ಕೇಳುತ್ತ ನಿಲ್ಲದೆ ಓಡಬೇಕು. ಆದರೆ ಪ್ರತಿ ಸುನಾಮಿಯಲ್ಲೂ ನೀರು ಮೊದಲು ಹಿಂದೆ ಸರಿಯುತ್ತದೆ ಎಂಬ ನಿಯಮವಿಲ್ಲ. ಏರೇ ಮೊದಲು ಬರುವುದೂ ಇದೆ.

ಇನ್ನೊಂದು ಮಾತು. ಜಪಾನಿನ ಕರಾವಳಿಯವರಿಗೆ ನೆಲದ ನಡುಕವೇ ಮೊದಲ ಎಚ್ಚರಿಕೆ. ಮಕ್ರಾನಿನಲ್ಲೋ ಸುಮಾತ್ರಾದಲ್ಲೋ ಆದ ಕಂಪನ ನಮ್ಮ ಕಾಲಡಿಗೆ ಗೊತ್ತೇ ಆಗದಿರಬಹುದು. ಹಾಗಾಗಿ ನಾವು ಪ್ರಕೃತಿಯ ಸೂಚನೆಗಿಂತ ಹೆಚ್ಚಾಗಿ ಅಧಿಕೃತ ಮುನ್ಸೂಚನೆಯನ್ನೇ ನೆಚ್ಚಬೇಕಾದವರು.

ಆ ಮುನ್ಸೂಚನೆ ಹೊರಡುವುದು ಹೈದರಾಬಾದಿನ ಇಂಕಾಯ್ಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಸಂಸ್ಥೆಯಲ್ಲಿರುವ ಸುನಾಮಿ ಮುನ್ನೆಚ್ಚರಿಕೆ ಕೇಂದ್ರದಿಂದ. 2007ರ ಅಕ್ಟೋಬರಿನಿಂದ ಕೆಲಸ ಮಾಡುತ್ತಿರುವ ಈ ಕೇಂದ್ರವು ಸಮುದ್ರದಡಿಯ ದೊಡ್ಡ ಭೂಕಂಪವಾದ ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಕೊಡುವ ಗುರಿ ಇಟ್ಟುಕೊಂಡಿದೆ. ಮೊದಲೇ ಗಣಿಸಿಟ್ಟ ಸಾಧ್ಯತೆಗಳ ಸಂಗ್ರಹದಿಂದ ಯಾವ ತೀರಕ್ಕೆ ಎಷ್ಟು ಹೊತ್ತಿಗೆ ಎಷ್ಟು ನೀರು ಎಂದು ಅಂದಾಜು ಮಾಡಿ, ಬಳಿಕ ಸಮುದ್ರತಳದ ಒತ್ತಡ ಮಾಪಕಗಳೂ ಬಂದರುಗಳ ಭರತ ಮಾಪಕಗಳೂ ಹೇಳುವುದನ್ನು ನೋಡಿ ಪ್ರಕಟಣೆಯನ್ನು ಬಿಗಿಗೊಳಿಸುತ್ತಾರೆ ಅಥವಾ ಹಿಂದೆಗೆದುಕೊಳ್ಳುತ್ತಾರೆ. ಹಿಂದೆಗೆದುಕೊಂಡರೆ ಅದು ಸುಳ್ಳು ಸುದ್ದಿಯಾಗಿತ್ತೆಂದು ನಗಬಾರದು. 2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿ 8.6ರ ಭೂಕಂಪವಾದರೂ ತಳ ಮೇಲೇಳದೆ ಪಕ್ಕಕ್ಕೆ ಸರಿದದ್ದರಿಂದ ದೊಡ್ಡ ಸುನಾಮಿ ಏಳಲಿಲ್ಲ. ಅದು ಮೊದಲ ಕೆಲವು ನಿಮಿಷಗಳಲ್ಲಿ ಯಾರಿಗೂ ಖಚಿತವಾಗಿ ತಿಳಿಯುವಂಥದ್ದಲ್ಲ. ಅನುಮಾನವಿದ್ದಾಗ ಜಿಲ್ಲಾಡಳಿತದ 1077 ಸಂಖ್ಯೆಗೆ ಕರೆ ಮಾಡಿ, ಸಂದೇಶವನ್ನು ಮುಂದಕ್ಕೆ ತಳ್ಳಬೇಡಿ.

ಪ್ರಶ್ನೆ: ನಾವು ಕಡಲಿನಲ್ಲಿರುವಾಗ ಸುನಾಮಿಯ ಎಚ್ಚರಿಕೆ ಬಂದರೆ ಬಂದರಿಗೆ ಓಡಿಬರಬೇಕೇ? ದಕ್ಕೆಯಲ್ಲಿ ಕಟ್ಟಿದ ಬೋಟನ್ನು ಏನು ಮಾಡುವುದು? – ಟ್ರಾಲ್ ಬೋಟಿನ ತಾಂಡೇಲರೊಬ್ಬರು, ಮಲ್ಪೆ

ಉತ್ತರ: ತೂಫಾನಿಗೆ ಒಂದು ನಡೆ, ಸುನಾಮಿಗೆ ಅದರ ತದ್ವಿರುದ್ಧ. ತೂಫಾನೆಂದರೆ ದಡ ಸೇರಬೇಕು. ಸುನಾಮಿಯೆಂದರೆ ದೂರದಲ್ಲಿರುವ ಬೋಟು ಅಲ್ಲೇ ಇರಬೇಕು. ನೂರು ಮೀಟರಿಗಿಂತ ಆಳದ ಕಡಲಿನಲ್ಲಿ ಸುನಾಮಿ ನಿಮ್ಮ ಬೋಟಿನ ಅಡಿಯಲ್ಲಿ ಹಾದುಹೋದದ್ದು ನಿಮಗೆ ತಿಳಿಯಲಿಕ್ಕೂ ಇಲ್ಲ. ಅತ್ಯಂತ ಕೆಟ್ಟ ಜಾಗ ಅಳಿವೆ ಬಾಗಿಲು ಮತ್ತು ಬಂದರಿನ ಒಳಗು, ಏಕೆಂದರೆ ಅಲ್ಲಿ ಇಕ್ಕಟ್ಟಿನಲ್ಲಿ ನೀರು ಸುಳಿಸುತ್ತುತ್ತದೆ, ಆ ಸುಳಿ ಗಂಟೆಗಟ್ಟಲೆ ಮುಂದುವರಿಯುತ್ತದೆ. ವೈರ್‌ಲೆಸ್ಸಿನಲ್ಲಿ ಅಧಿಕೃತ ತೆರವಿನ ಮಾತು ಬರುವವರೆಗೆ ಹಿಂದಿರುಗಬೇಡಿ.

ದಕ್ಕೆಯಲ್ಲಿರುವ ಬೋಟನ್ನು ಉಳಿಸಲು ಹೊರಗೆ ಒಯ್ಯಬಹುದೆಂದು ಕೆಲವು ದೇಶಗಳ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಅದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡಲು ನಿಧಾನವಾಗಿ ಆಳವಾಗುತ್ತ ಹೋಗುವಂಥದ್ದು. ನೂರು ಮೀಟರ್ ಆಳ ಸಿಗಬೇಕಾದರೆ ಹಲವು ಹತ್ತು ಕಿಲೋಮೀಟರ್ ಹೋಗಬೇಕು, ಅದರ ಜೊತೆಗೆ ನೂರಾರು ಬೋಟುಗಳು ಒಂದೇ ಅಳಿವೆಯಲ್ಲಿ ನುಸುಳಬೇಕು. ಜೂನ್, ಜುಲೈ ತಿಂಗಳ ನಿಷೇಧದ ಅವಧಿಯಲ್ಲಂತೂ ಎಲ್ಲ ಬೋಟುಗಳೂ ಒಳಗೇ ಇರುತ್ತವೆ. ಬೋಟನ್ನು ಬಿಟ್ಟು ಮನುಷ್ಯರು ಮೇಲೇರುವುದೇ ಸರಿ.

ಪ್ರಶ್ನೆ: ನಮ್ಮ ಮನೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಎಚ್ಚರಿಕೆ ಬಂದರೆ ಓಡುವುದೆಲ್ಲಿಗೆ? – ಓದುಗರು, ಕೋಡಿ ಬೆಂಗ್ರೆ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದೇ. ಮೇಲೆ ಹೇಳಿದ ಆಲಪ್ಪಾಡ್ ಕೂಡ ಕಡಲಿಗೂ ಹಿನ್ನೀರಿನ ಕಾಲುವೆಗೂ ನಡುವಿನ ಕಿರಿದಾದ ಮರಳ ಪಟ್ಟಿಯೇ. ನಿಮ್ಮ ಕೋಡಿ ಬೆಂಗ್ರೆ, ಮಲ್ಪೆಯ ದಕ್ಷಿಣದ ಪಡುಕೆರೆ, ಮಂಗಳೂರಿನ ತಣ್ಣೀರುಬಾವಿ ಮತ್ತು ಬೆಂಗ್ರೆಗಳು ಅದೇ ಬಗೆಯ ನೆಲ. ಕಡಲಿನಿಂದ ದೂರ ಓಡಿ ಎಂಬ ಸಾಮಾನ್ಯ ಸಲಹೆ ಇಲ್ಲಿ ಹೊಳೆಯ ದಂಡೆಗೆ ಮುಟ್ಟಿಸುತ್ತದೆ, ಸುನಾಮಿಯ ನೀರು ಅಳಿವೆಯ ಮೂಲಕ ಅದೇ ಹೊಳೆಯಲ್ಲೂ ಏರಿಬರುತ್ತದೆ. ಹಂಗಾರಕಟ್ಟೆಗೆ ದೋಣಿಯಲ್ಲಿ ದಾಟುವುದು ಆ ಹೊತ್ತಿನಲ್ಲಿ ಮಾಡಬಾರದ ಕೆಲಸ. ಉಳಿಯುವುದು ದಕ್ಷಿಣಕ್ಕೆ ಹೂಡೆಯ ಕಡೆಗಿನ ರಸ್ತೆ. ಅಂದರೆ ಮೊದಲು ಕಡಲಿನ ಪಕ್ಕದಲ್ಲೇ ಕೆಲವು ಕಿಲೋಮೀಟರ್ ಸಾಗಿ, ಆಮೇಲೆ ಪೂರ್ವಕ್ಕೆ ತಿರುಗಬೇಕು.

ಸಮಾಧಾನದ ಸಂಗತಿಯೆಂದರೆ ನಮಗೆ ಸಮಯವಿದೆ. ಮಕ್ರಾನಾಗಲಿ ಸುಮಾತ್ರಾವಾಗಲಿ, ಅಲ್ಲಿಂದ ಇಲ್ಲಿಗೆ ಬರಲು ನೀರಿಗೆ ಕೆಲವು ಗಂಟೆಗಳು ಬೇಕು. ಎಚ್ಚರಿಕೆ ಕೂಡಲೇ ಮನೆಗಳಿಗೆ ಮುಟ್ಟಿದರೆ ನಡೆದೇ ಹೊರಗೆ ಬರಬಹುದು. ಆದ್ದರಿಂದ ಮೊದಲು ಹೊರಡಬೇಕಾದವರು ಮುದುಕರು, ಬಸುರಿಯರು, ಹಾಸಿಗೆ ಹಿಡಿದವರು. ರಿಕ್ಷಾ, ಕಾರುಗಳು ಅವರಿಗೆ ಮೀಸಲಾಗಿರಲಿ, ಕಾಲು ಗಟ್ಟಿಯಿರುವವರು ನಡೆಯಲಿ, ಇಲ್ಲವಾದರೆ ಒಂದೇ ರಸ್ತೆ ಕಟ್ಟಿಕೊಳ್ಳುತ್ತದೆ. ಸಮಯ ಮೀರಿದ್ದರೆ ಗಟ್ಟಿಯಾದ ಕಾಂಕ್ರೀಟ್ ಕಟ್ಟಡದ ಮೂರನೆಯ ಮಹಡಿ ಅಥವಾ ಅದಕ್ಕೂ ಮೇಲೆ ಏರುವುದೇ ದಾರಿ. ಅಂಥ ಕಟ್ಟಡ ನಿಮ್ಮಲ್ಲಿ ಯಾವುದಿದೆ, ಅದರ ಮೆಟ್ಟಿಲ ಬಾಗಿಲಿನ ಕೀಲಿಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದನ್ನು ಇಂದೇ ವಿಚಾರಿಸಿ. ಮೊದಲ ಏರು ಇಳಿದ ಕೂಡಲೇ ಸಾಮಾನು ತರಲು ಹಿಂದಿರುಗಬೇಡಿ. ಎರಡನೆಯದೋ ಮೂರನೆಯದೋ ಅದಕ್ಕಿಂತ ದೊಡ್ಡದಿರಬಹುದು.

ಒಡಿಶಾದ ವೆಂಕಟರಾಯಪುರ ಮತ್ತು ನೋಳಿಯಾಸಾಹಿ ಎಂಬ ಎರಡು ಕಡಲೂರುಗಳು 2020ರಲ್ಲಿ ಯುನೆಸ್ಕೋದ ಸಾಗರ ಆಯೋಗದಿಂದ ಸುನಾಮಿಗೆ ಸಿದ್ಧವಾದ ಊರುಗಳೆಂಬ ಮನ್ನಣೆ ಪಡೆದವು. ಅದಕ್ಕೆ ಬೇಕಾದವು ದೊಡ್ಡ ಗೋಡೆಗಳಲ್ಲ: ನೀರು ಎಲ್ಲಿಯವರೆಗೆ ಬರಬಹುದೆಂಬ ನಕ್ಷೆ, ದಾರಿ ತೋರುವ ಫಲಕ, ಹಗಲು ರಾತ್ರಿ ಎಚ್ಚರಿಕೆ ಮುಟ್ಟುವ ವ್ಯವಸ್ಥೆ, ಆಗಾಗ ನಡೆಯುವ ಅಣಕು ಕಾರ್ಯಾಚರಣೆ, ಇಂಥವೇ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಅದಕ್ಕೂ ಮೊದಲು, ಒಂದು ಭಾನುವಾರ ಮನೆಯವರೆಲ್ಲ ಸೇರಿ ಮನೆಯಿಂದ ಹೂಡೆ ದಾಟಿ ಕೆಮ್ಮಣ್ಣಿನ ಕಡೆಗೆ ನಡೆದು, ನಿಮ್ಮ ಅಜ್ಜಿಯ ನಡಿಗೆಯಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.