ಸಂಪಾದಕರ ಉತ್ತರ: ಪುಸ್ತಕ ನಿಮ್ಮ ತಂದೆಯ ಕೈಯಲ್ಲಿರಲಿ

ತೀರ್ಥಹಳ್ಳಿ ತಾಲೂಕಿನಿಂದ ಬರೆದಿರುವ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇವೆ. ನಿಮ್ಮ ತಂದೆಗೆ 67 ವರ್ಷ. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಬಿಪಿಗೆ ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿವೆ. ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಕರೆದೊಯ್ಯುತ್ತೀರಿ. ಟೋಕನ್ ಹಿಡಿದು ಅರ್ಧ ದಿನ ಕಾದರೆ ಡಾಕ್ಟರ ಎದುರು ಸಿಗುವುದು ಐದು ನಿಮಿಷ. ಅಲ್ಲಿ ಅವರು "ಆರಾಮಿದೀನಿ" ಎಂದಷ್ಟೇ ಹೇಳುತ್ತಾರೆ. ಕೂತಲ್ಲಿಂದ ಎದ್ದರೆ ತಲೆ ತಿರುಗುತ್ತದೆ ಎಂದು ಬಿಪಿ ಮಾತ್ರೆಯನ್ನು ಆಗಾಗ ಬಿಡುತ್ತಿದ್ದ ಸಂಗತಿ ಮನೆಗೆ ಬಂದ ಮೇಲೆ ನಿಮಗೆ ಗೊತ್ತಾಯಿತು. ಕೇಳಿದರೆ "ಡಾಕ್ಟ್ರು ಬೈತಾರೆ ಅಂತ ಹೇಳಲಿಲ್ಲ" ಎಂದರು. ನಿಮ್ಮ ಪ್ರಶ್ನೆ ಎರಡು. ಡಾಕ್ಟರಿಗೆ ಹೆಚ್ಚು ಪ್ರಶ್ನೆ ಹಾಕಿದರೆ ಎದುರು ಮಾತಾಡಿದಂತೆ ಆಗುವುದಿಲ್ಲವೇ? ಹೆಚ್ಚು ಓದಿರದ, ತೋಟದ ಕೆಲಸ ಬಿಡದ ಹಿರಿಯರು ತಮ್ಮ ಕಾಯಿಲೆಯನ್ನು ತಾವೇ ನೋಡಿಕೊಳ್ಳುವುದು ಸಾಧ್ಯವೇ?

ಸಾಧ್ಯ. ನಿಮ್ಮ ತಂದೆ ಆಗಲೇ ಅರ್ಧ ಕೆಲಸ ಮಾಡಿದ್ದಾರೆ ಎಂಬುದೇ ನಮ್ಮ ಅಭಿಪ್ರಾಯ. ಎದ್ದಾಗ ತಲೆ ತಿರುಗುತ್ತದೆ, ಅದು ಮಾತ್ರೆ ತೆಗೆದುಕೊಂಡ ದಿನವೇ ಆಗುತ್ತದೆ ಎಂದು ಅವರು ಗಮನಿಸಿದ್ದಾರೆ. ಇಡೀ ಪತ್ರದಲ್ಲಿ ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಂಗತಿ ಇದೇ. ಅದು ಅವರ ಕಿವಿಗೆ ಬೀಳದಿದ್ದರೆ ಏನಾಗುತ್ತದೆ ನೋಡಿ. ಮಾತ್ರೆ ಬಿಟ್ಟದ್ದರಿಂದ ಆಸ್ಪತ್ರೆಯಲ್ಲಿ ಬಿಪಿ ಹೆಚ್ಚು ತೋರಿಸುತ್ತದೆ. ಮಾತ್ರೆ ಸಾಲುತ್ತಿಲ್ಲ ಎಂದು ಡಾಕ್ಟರು ಡೋಸು ಏರಿಸುತ್ತಾರೆ. ಮಗ ಗದರಿದ ಮೇಲೆ ತಂದೆ ಎಲ್ಲವನ್ನೂ ತಪ್ಪದೆ ನುಂಗತೊಡಗುತ್ತಾರೆ. ಒಂದು ಬೆಳಗಿನ ಜಾವ ಬಚ್ಚಲಿಗೆ ಹೋಗಲು ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಇಲ್ಲಿ ಯಾರೂ ಕೆಟ್ಟವರಲ್ಲ, ಒಂದು ವಾಕ್ಯ ಮಾತ್ರ ಹೇಳದೆ ಉಳಿದಿತ್ತು.

ಹಾಗಾಗಿ ಬೈಗುಳದ ಭಯಕ್ಕೆ ಮೊದಲ ಮದ್ದು ನಿಮ್ಮಲ್ಲೇ ಇದೆ. "ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂದು ಕೇಳಿದರೆ ಯಾರಾದರೂ "ಹೂಂ" ಎನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು, ಯಾಕೆ?" ಎಂದು ಕೇಳಿ, ನಿಜ ಹೊರಬರುತ್ತದೆ. ಇನ್ನೊಂದು ಮಾತು. ಪತ್ರದ ಪ್ರಕಾರ ಚೀಟಿ, ರಿಪೋರ್ಟು ಎಲ್ಲ ನಿಮ್ಮ ಮೊಬೈಲಿನಲ್ಲಿವೆ, ಡಾಕ್ಟರ ಜೊತೆ ಮಾತಾಡುವವರೂ ನೀವೇ. ನಿಮ್ಮ ಕಾಳಜಿ ದೊಡ್ಡದು. ಆದರೆ ಕಾಯಿಲೆ ಅವರದು. ನೀವು ಊರಲ್ಲಿಲ್ಲದ ದಿನ ರಾತ್ರಿ ಎದೆ ಹಿಡಿದುಕೊಂಡರೆ ಮೊಬೈಲಿನ ಚಿತ್ರಗಳು ಅವರ ಕೈಗೆ ಸಿಗುವುದಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತಂದು ಅವರಿಗೇ ಕೊಡಿ. ಅಡಿಕೆ ಲೆಕ್ಕ, ಆಳಿನ ಲೆಕ್ಕ ಬರೆದಿಡುವ ಕೈಗೆ ಇದು ಕಷ್ಟವಲ್ಲ.

ಮೊದಲ ಪುಟದಲ್ಲಿ ಮಾತ್ರೆಗಳು. ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಎಂಬ ಗುರುತು ಅಪಾಯದ್ದು, ಏಕೆಂದರೆ ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರೂ ಇರುತ್ತದೆ, ಔಷಧದ ಹೆಸರೂ ಇರುತ್ತದೆ. ಬರೆದಿಡಬೇಕಾದದ್ದು ಔಷಧದ ಹೆಸರು, ಪಕ್ಕದ ಮಿಲಿಗ್ರಾಂ ಸಮೇತ. ಜನೌಷಧಿ ಕೇಂದ್ರದಿಂದ ತಂದ ಆಮ್ಲೋಡಿಪಿನ್ ಮತ್ತು ಹಳೆಯ ಅಂಗಡಿಯಿಂದ ತಂದ ಬೇರೆ ಹೆಸರಿನ ಆಮ್ಲೋಡಿಪಿನ್ ಎರಡನ್ನೂ ಬೇರೆ ಬೇರೆ ಮಾತ್ರೆ ಎಂದುಕೊಂಡು ದಿನವೂ ನುಂಗಿದರೆ ಬಿಪಿ ಕುಸಿಯುತ್ತದೆ, ಪಾದ ಊದಿಕೊಳ್ಳುತ್ತದೆ. ಪ್ರತಿ ಹೆಸರಿನ ಎದುರು ಯಾವುದಕ್ಕೆ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದಿರಲಿ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಪಟ್ಟಿಯಲ್ಲಿ ಇರಲೇಬೇಕು. ಅದು ಬಿಪಿ ಏರಿಸುತ್ತದೆ, ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ನಾಟಿ ಔಷಧಿ, ಅಮೃತಬಳ್ಳಿ ಕಷಾಯ, ಮೆಂತ್ಯದ ಪುಡಿಯನ್ನೂ ಸಂಕೋಚವಿಲ್ಲದೆ ಬರೆಯಲಿ. ಸಕ್ಕರೆ ಇಳಿಸುವ ಗುಣ ಎರಡು ಕಡೆಯಿಂದ ಸೇರಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಬಿಪಿ ಪುಟ. ಮಣಿಕಟ್ಟಿನ ಯಂತ್ರ ಬೇಡ, ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಕೊಳ್ಳುವ ಮೊದಲು ತೋಳಿನ ಸುತ್ತಳತೆ ತೆಗೆಯಿರಿ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರಿಗೆ ಹೊಂದುತ್ತದೆ. ತೋಳು ಅದಕ್ಕಿಂತ ದಪ್ಪವಿದ್ದರೆ ದೊಡ್ಡ ಪಟ್ಟಿ ಬೇಕು, ಚಿಕ್ಕ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಡಾಕ್ಟರ ಭೇಟಿಗೆ ಮುಂಚಿನ ಏಳು ದಿನ ಅಳೆದರೆ ಸಾಕು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ, ಕವಳ (ಎಲೆಯಡಿಕೆ), ಮಾತ್ರೆ ಎಲ್ಲದಕ್ಕೂ ಮೊದಲು ಒಮ್ಮೆ, ರಾತ್ರಿ ಒಮ್ಮೆ. ಜಗಲಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಳೆದರೆ ಸರಿಬರುವುದಿಲ್ಲ. ಕುರ್ಚಿಯಲ್ಲಿ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ. ಪಟ್ಟಿ ಅಂಗಿಯ ಮೇಲಲ್ಲ, ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಎರಡನ್ನೂ ಬರೆಯಬೇಕು. ಒಂದು ಸಾಲು ಹೀಗಿರುತ್ತದೆ: "12ನೇ ತಾರೀಖು, ಬೆಳಿಗ್ಗೆ 6.30, 148/88, 144/86, ನಿನ್ನೆ ಮದುವೆ ಊಟ, ನಿದ್ದೆ ಕಡಿಮೆ." ಕೊನೆಯ ಆ ಷರಾ ಬಿಡಬೇಡಿ, ಡಾಕ್ಟರಿಗೆ ಅಂಕಿಯಷ್ಟೇ ಅದೂ ಬೇಕು. ಮೊದಲ ದಿನದ ಅಳತೆ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ ಗಡಿ 135/85.

ನಿಮ್ಮ ತಂದೆ ಇನ್ನೊಂದು ಅಳತೆ ತೆಗೆಯಬೇಕು. ಕೂತು ಅಳೆದ ಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಅಳೆಯಲಿ, ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮೂರು ತಿಂಗಳು ಕಾಯದೆ ಡಾಕ್ಟರಿಗೆ ತೋರಿಸಿ. ಡೋಸು ತಗ್ಗಿಸಬಹುದು, ಹೊತ್ತು ಬದಲಿಸಬಹುದು, ಔಷಧವನ್ನೇ ಬದಲಿಸಬಹುದು. ತಾವಾಗಿ ಬಿಡುವುದಕ್ಕೂ ಇದಕ್ಕೂ ಅಜಗಜಾಂತರ.

ಸಕ್ಕರೆಯ ವಿಷಯದಲ್ಲಿ ಮಲೆನಾಡಿನವರು ಎಚ್ಚರವಾಗಿರಬೇಕಾದದ್ದು ಮಳೆಗಾಲಕ್ಕೆ. ಮನೆಯಲ್ಲೇ ಸಕ್ಕರೆ ಅಳೆಯುವ ಯಂತ್ರದ, ಅಂದರೆ ಗ್ಲುಕೋಮೀಟರಿನ, ಪಟ್ಟಿಗಳಿಗೆ ತೇವ ಆಗದು. ಡಬ್ಬಿಯಿಂದ ಒಂದು ತೆಗೆದ ತಕ್ಷಣ ಮುಚ್ಚಳ ಒತ್ತಿ ಹಾಕಬೇಕು. ಪಟ್ಟಿಗಳನ್ನು ಬೇರೆ ಡಬ್ಬಿಗೆ ಸುರಿಯುವುದಾಗಲಿ ಒಲೆಯ ಹತ್ತಿರ ಇಡುವುದಾಗಲಿ ಬೇಡ. ಕೈ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಬಾಳೆಹಣ್ಣು ಸುಲಿದ ಬೆರಳಲ್ಲಿ ಸಕ್ಕರೆ ಸುಳ್ಳೇ ಏರಿರುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಬದಿಗೆ ಚುಚ್ಚಿದರೆ ನೋವು ಕಡಿಮೆ. ಸಾಮಾನ್ಯ ಗುರಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ. ವಯಸ್ಸಾದವರಿಗೆ ಡಾಕ್ಟರು ಗುರಿಯನ್ನು ಕೊಂಚ ಸಡಿಲಿಸುವುದುಂಟು. ನಿಮ್ಮ ತಂದೆಯ ಗುರಿ ಎಷ್ಟು ಎಂದು ಕೇಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.

ಅವರ ಪಟ್ಟಿಯಲ್ಲಿರುವ ಗ್ಲಿಮೆಪಿರೈಡ್ ತಿಂಡಿಯ ಜೊತೆ ತೆಗೆದುಕೊಳ್ಳುವ ಮಾತ್ರೆ. ಅಡಿಕೆ ಗೊನೆ ಕೊಯ್ಯುವ ದಿನ ಮಾತ್ರೆ ನುಂಗಿ, ತಿಂಡಿ ಆಮೇಲೆ ಎಂದು ತೋಟಕ್ಕಿಳಿದರೆ ಹತ್ತು ಗಂಟೆಯ ಹೊತ್ತಿಗೆ ಬೆವರು, ಕೈನಡುಕ, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು ಶುರುವಾಗುತ್ತದೆ. ಸಕ್ಕರೆ 70ಕ್ಕಿಂತ ಇಳಿದ ಗುರುತು ಅದು. ಕೂಡಲೇ ಮೂರು ಚಹಾಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು, ಏರದಿದ್ದರೆ ಮತ್ತಷ್ಟು. ಆಮೇಲೆ ಊಟ ಮಾಡಲೇಬೇಕು, ಏಕೆಂದರೆ ಈ ಮಾತ್ರೆಯ ಪ್ರಭಾವ ತಾಸುಗಟ್ಟಲೆ ಇದ್ದು ಸಕ್ಕರೆ ಮತ್ತೆ ಇಳಿಯಬಹುದು. ಲಾಡು, ಚಾಕಲೇಟು ಬೇಡ, ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ತೋಟಕ್ಕೆ ಹೋಗುವಾಗ ಕವಳದ ಸಂಚಿಯಲ್ಲಿ ಒಂದು ಗ್ಲುಕೋಸ್ ಪೊಟ್ಟಣ ಇರಲಿ. (ಕವಳ ಬಿಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಹೊಗೆಸೊಪ್ಪನ್ನಂತೂ ಬಿಡಿಸಲೇಬೇಕು.)

ಇನ್ಸುಲಿನ್ ಹಾಕಿಕೊಳ್ಳುವ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಸಿಗುವ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇರಬೇಕು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸು ಮೈಗೆ ಹೋಗುತ್ತದೆ.

ಪಾದದ ಪರೀಕ್ಷೆ ದಿನಕ್ಕೆ ಎರಡು ನಿಮಿಷದ ಕೆಲಸ. ರಾತ್ರಿ ಕಾಲು ತೊಳೆದ ಮೇಲೆ ಬೆರಳ ಸಂದು ಒರೆಸಿ, ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು. ಸಕ್ಕರೆಯಿಂದ ಸ್ಪರ್ಶ ಕಳೆದ ಕಾಲಿಗೆ ಮುಳ್ಳು ಚುಚ್ಚಿದ್ದು, ಇಂಬಳ (ಜಿಗಣೆ) ಕಚ್ಚಿದ ಜಾಗ ಹುಣ್ಣಾದದ್ದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಯಿಸಿ ಸುಟ್ಟುಕೊಂಡದ್ದೂ ಗುಳ್ಳೆ ಎದ್ದ ಮೇಲೆಯೇ ಕಾಣುವುದು. ಉಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾಚಮಚದಷ್ಟು, ಎಲ್ಲ ಸೇರಿ. ಅಪ್ಪೆಮಿಡಿ ಉಪ್ಪಿನಕಾಯಿ ಗಂಜಿಯ ಜೊತೆ ದಿನಕ್ಕೆರಡು ಹೊತ್ತು ಬೀಳುವ ಮನೆಯಲ್ಲಿ ಈ ಲೆಕ್ಕ ಅಲ್ಲೇ ಮುಗಿಯುತ್ತದೆ.

ಇನ್ನು ಆ ಐದು ನಿಮಿಷ. ಹಿಂದಿನ ರಾತ್ರಿಯೇ ಕೇಳಬೇಕಾದ ಮೂರು ಪ್ರಶ್ನೆ ಬರೆದಿಡಿ, ಮುಖ್ಯವಾದದ್ದು ಮೊದಲಿಗೆ. ಹೊರಡಲು ಎದ್ದ ಮೇಲೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನ ಸಮೇತ ಒಂದೇ ಚೀಲದಲ್ಲಿ ಒಯ್ಯಿರಿ. ಒಳಹೊಕ್ಕ ಕೂಡಲೇ ತಂದೆಯೇ ಹೇಳಲಿ: "ಡಾಕ್ಟ್ರೇ, ಎದ್ದಾಗ ತಲೆ ತಿರುಗುತ್ತೆ, ಅದಕ್ಕೇ ಬಿಪಿ ಮಾತ್ರೆ ಆಗಾಗ ಬಿಟ್ಟಿದ್ದೆ. ಅಳೆದು ಬರ್ಕೊಂಡು ಬಂದಿದೀನಿ." ಇದರಲ್ಲಿ ಎದುರು ಮಾತು ಎಲ್ಲಿದೆ? ಕೊನೆಗೆ ಇನ್ನೊಂದು ವಾಕ್ಯ: "ನಾನು ತಿಳ್ಕೊಂಡಿದ್ದು ಸರಿಯಾ ನೋಡಿ, ಬೆಳಿಗ್ಗೆ ಇದು, ರಾತ್ರಿ ಇದು, ಅಲ್ವಾ?" ತಪ್ಪು ತಿಳಿದಿದ್ದರೆ ಅಲ್ಲೇ ತಿದ್ದಿಕೊಳ್ಳುತ್ತದೆ. ವಾಂತಿ ಭೇದಿ ಆದ ದಿನ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್ ಏನು ಮಾಡಬೇಕು ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಮೈಯಲ್ಲಿ ನೀರು ಕಡಿಮೆಯಾದಾಗ ಕೆಲವು ಮಾತ್ರೆಗಳನ್ನು ನಿಲ್ಲಿಸಬೇಕಾಗಬಹುದು. ಜ್ವರ ಬಂದು ಹೋದರೆ, ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗಿದ್ದೆವೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ, ಗದ್ದೆಯ ಕೆಸರಲ್ಲಿ ನಿಂತಿದ್ದೆವೇ ಎಂಬುದನ್ನು ಕೇಳುವ ಮೊದಲೇ ಹೇಳಿ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಸುಳಿವು ಸಿಗುವುದು ಇಂಥ ಮಾತಿನಿಂದಲೇ. ಆ ಜ್ವರಕ್ಕೆ ಆಸ್ಪಿರಿನ್, ಬ್ರೂಫೆನ್ ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ.

ಪುಸ್ತಕದ ಕೊನೆಯ ಪುಟಕ್ಕೆ ತುರ್ತಿನ ವಿಷಯ ದಪ್ಪಗೆ ಬರೆಯಿರಿ. ಬೆವರಿನೊಂದಿಗೆ ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು: ಇವಕ್ಕೆ ಬೆಳಗಾಗಲಿ ಎಂದು ಕಾಯುವಂತಿಲ್ಲ, 108. ಲಕ್ವ ಹೊಡೆದಾಗ ಹೆಪ್ಪು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ ಕೊಡಬೇಕು. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ಸೇರುವುದಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ರೋಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಂಡು ಹೊರಡಿ, ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ ಅದು. ಬಿಪಿ 180/120 ದಾಟಿ ಬೇರೇನೂ ತೊಂದರೆ ಇಲ್ಲದಿದ್ದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ, ಇಳಿಯದಿದ್ದರೆ ಅದೇ ದಿನ ಡಾಕ್ಟರನ್ನು ಕಾಣಿರಿ.

ಹಳೆಯ ಆಸ್ಪತ್ರೆಯೊಂದು ದಾಖಲಾತಿಯ ಕಾಗದ ಕೊಡಲಿಲ್ಲ ಎಂದೂ ಪತ್ರದ ಕೊನೆಗೆ ಬರೆದಿದ್ದೀರಿ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಬಾಯಿಮಾತಲ್ಲಿ ಕೇಳಬೇಡಿ. ದಾಖಲಾದ ದಿನಾಂಕ, ಬಿಡುಗಡೆಯ ದಿನಾಂಕ, ಒಳರೋಗಿ ಸಂಖ್ಯೆ ಹಾಕಿ ನಿಮ್ಮ ತಂದೆಯ ಸಹಿಯಲ್ಲೇ ಅರ್ಜಿ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

— ಸಂಪಾದಕರು