ಹಸುಗೂಸಿನ ಪ್ಲೇಟ್‌ಲೆಟ್ ಕುಸಿದರೆ ಅದು ನಂಜೇ?

ಪ್ರಶ್ನೆ: ನನ್ನ ಮಗು 32 ವಾರಕ್ಕೇ ಹುಟ್ಟಿತು, ತೂಕ 1.4 ಕೆ.ಜಿ. ಏಳನೇ ದಿನ 2.1 ಲಕ್ಷವಿದ್ದ ಪ್ಲೇಟ್‌ಲೆಟ್ ಒಂಬತ್ತನೇ ದಿನ 62 ಸಾವಿರಕ್ಕೆ ಇಳಿದಿದೆ. ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಆಂಟಿಬಯಾಟಿಕ್ ಶುರು ಮಾಡಿದ್ದಾರೆ, ಆದರೆ ಪ್ಲೇಟ್‌ಲೆಟ್ ಏರಿಸಿಲ್ಲ. ಡೆಂಗಿ ಇರಬೇಕು, ಪಪ್ಪಾಯಿ ಎಲೆ ರಸ ಹಾಕು ಅಂತ ಅತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಎಲೆ ರಸ ಒಂದು ಹನಿಯೂ ಬೇಡ. ಇಂಥ ಮಗುವಿನ ಕರುಳು ತೀರಾ ಎಳೆಯದು. ನಂಜಿನ (ರಕ್ತಕ್ಕೆ ಹರಡಿದ ಸೋಂಕು, ಸೆಪ್ಸಿಸ್) ಅನುಮಾನ ಬಂದಾಗ ತಾಯಿಹಾಲನ್ನೇ ಕೆಲಹೊತ್ತು ತಡೆಹಿಡಿಯುವುದುಂಟು.

62 ಸಾವಿರ ಎಂಬ ಅಂಕಿಗಿಂತ ಅದು ಎಷ್ಟನೇ ದಿನ, ಎಷ್ಟು ಬೇಗ ಇಳಿಯಿತು ಎನ್ನುವುದನ್ನು ನೋಡಬೇಕು. ಹುಟ್ಟಿದ 72 ಗಂಟೆಯೊಳಗಿನ ಸಣ್ಣ ಇಳಿಕೆಗೆ ಹೆಚ್ಚಾಗಿ ಬಸಿರಿನ ದಿನಗಳೇ ಕಾರಣ: ತಾಯಿಯ ಬಿಪಿ, ಮಾಸಿನಿಂದ ಪೋಷಣೆ ಸಾಲದೆ ಮಗು ಬೆಳೆಯದಿರುವುದು. ಅದು ನಾಲ್ಕೈದನೇ ದಿನ ತಳ ಮುಟ್ಟಿ, ಸುಮಾರು ಹತ್ತು ದಿನಕ್ಕೆ ತಾನಾಗಿ ಏರುತ್ತದೆ. ಮೂರು ದಿನ ಕಳೆದ ಮೇಲೆ ಹೀಗೆ ದಿಢೀರನೆ ಕುಸಿದರೆ ಮೊದಲ ಅನುಮಾನ ರಕ್ತದ ನಂಜಿನ ಮೇಲೆ, ಇಲ್ಲವೇ ಎನ್‌ಇಸಿ ಎಂಬ ಕರುಳಿನ ಕಾಯಿಲೆಯ ಮೇಲೆ. ನಿಮ್ಮ ವೈದ್ಯರು ಕಾಯದೆ ಔಷಧ ಶುರು ಮಾಡಿದ್ದು ಸರಿಯಾಗಿದೆ.

ನಂಜಿನಲ್ಲಿ ರಕ್ತನಾಳದ ಒಳಪದರ ಕೆರಳುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಲ್ಲೇ ಅಂಟಿಕೊಂಡು ಖರ್ಚಾಗುತ್ತವೆ. ಆ ವೇಗಕ್ಕೆ ಹೊಸತನ್ನು ತಯಾರಿಸುವ ಶಕ್ತಿ ಎಳೆಗೂಸಿನ ಮೂಳೆಯ ಮಜ್ಜೆಗಿಲ್ಲ. ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ, ಕ್ಯಾಂಡಿಡಾ ಶಿಲೀಂಧ್ರ ಇದ್ದರೆ ಕುಸಿತ ಇನ್ನೂ ಆಳ, ಚೇತರಿಕೆಯೂ ತಡ.

ಆದರೆ ಅಂಕಿ ಸುಳ್ಳಾಗಿರುವುದೂ ಉಂಟು. ಹಿಮ್ಮಡಿ ಚುಚ್ಚಿ, ಹಿಂಡಿ ಹಿಂಡಿ ತೆಗೆದ ರಕ್ತ, ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಟ್ಯೂಬ್ ಸೇರುವ ಮೊದಲೇ ಸಣ್ಣಗೆ ಹೆಪ್ಪುಗಟ್ಟಿರುತ್ತದೆ. ಗುಂಪುಗೂಡಿದ ಪ್ಲೇಟ್‌ಲೆಟ್‌ಗಳನ್ನು ಯಂತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಗಾಜಿನ ಸ್ಲೈಡಿಗೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು: ಎಣ್ಣೆ ಹಾಕಿ ನೋಡುವ 100 ಪಟ್ಟಿನ ಲೆನ್ಸಿನಲ್ಲಿ, ಒಂದು ನೋಟಕ್ಕೆ ಕಾಣುವ ಒಂದು ಪ್ಲೇಟ್‌ಲೆಟ್ ಎಂದರೆ ಸುಮಾರು 15 ಸಾವಿರ. ಸರಾಸರಿ ನಾಲ್ಕು ಕಂಡರೆ ನಿಮ್ಮ ವರದಿ ನಿಜ. ಸ್ಲೈಡಿನ ಅಂಚಿನಲ್ಲಿ ಗೊಂಚಲು ಕಂಡರೆ ರಕ್ತನಾಳದಿಂದಲೇ ಮತ್ತೆ ರಕ್ತ ತೆಗೆಯಬೇಕು.

ಪ್ಲೇಟ್‌ಲೆಟ್ ತಡವಾಗಿ ಬಾಯಿ ಬಿಡುವ ಸಾಕ್ಷಿ. ನಂಜಿನ ಮೊದಲ ಗಂಟೆಗಳಲ್ಲಿ ಅದು ಸರಿಯಾಗಿಯೇ ಇರಬಹುದು. ಹಾಗಾಗಿ 'ಕೌಂಟ್ ನಾರ್ಮಲ್' ಎಂದು ನಂಜನ್ನು ತಳ್ಳಿಹಾಕುವಂತಿಲ್ಲ. ಮಗು ಮಂಕಾಗುವುದು, ಮೈ ತಣ್ಣಗಾಗುವುದು, ನಡುನಡುವೆ ಉಸಿರು ನಿಲ್ಲುವುದು, ಹೊಟ್ಟೆ ಉಬ್ಬುವುದು ಅದಕ್ಕಿಂತ ಮುಂಚೆಯೇ ಕಾಣಿಸಬಹುದು. ಖಚಿತ ಉತ್ತರಕ್ಕೆ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬೇಕು: ಆಂಟಿಬಯಾಟಿಕ್‌ಗೆ ಮೊದಲೇ, ಕನಿಷ್ಠ 1 ಮಿ.ಲೀ. ರಕ್ತ. ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಒಮ್ಮೆ ಮಾಡಿ ಬಿಟ್ಟರೆ ಸಾಲದು, 24 ಗಂಟೆ ಬಿಟ್ಟು ಮತ್ತೆ ನೋಡಬೇಕು. ಮಗು ಗೆಲುವಾದ ಮೇಲೂ ಪ್ಲೇಟ್‌ಲೆಟ್ ಏರಲು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅದೊಂದನ್ನೇ ನೋಡಿ ಔಷಧ ಬದಲಿಸಿ ಎಂದು ಒತ್ತಾಯಿಸಬೇಡಿ.

ಏಕೆ ಏರಿಸಿಲ್ಲ ಎಂದಿರಿ. ರಕ್ತಸ್ರಾವವಿಲ್ಲದ ಮಗುವಿಗೆ 25 ಸಾವಿರಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಕೊಡುತ್ತೇವೆ. ತಿಂಗಳು ತುಂಬದ 660 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ಸಾವಿರಕ್ಕಿಂತ ಇಳಿದೊಡನೆ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ, 25 ಸಾವಿರಕ್ಕಿಂತ ಇಳಿಯುವವರೆಗೆ ಕಾದ ಗುಂಪಿಗಿಂತ ಸಾವು ಅಥವಾ ದೊಡ್ಡ ರಕ್ತಸ್ರಾವ ಹೆಚ್ಚಿತ್ತು. ಕೊಡಬೇಕಾಗಿ ಬಂದರೆ ಕೆ.ಜಿ.ಗೆ 10–15 ಮಿ.ಲೀ.; ನಿಮ್ಮ ಮಗುವಿಗೆ 14ರಿಂದ 21 ಮಿ.ಲೀ. ಆಗುತ್ತದೆ.

ಡೆಂಗಿಯ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹೆರಿಗೆಯ ಆಸುಪಾಸಿನಲ್ಲಿ ನಿಮಗೇ ಜ್ವರ ಬಂದಿತ್ತೇ? ಬಂದಿದ್ದರೆ ಇವತ್ತೇ ಎನ್‌ಐಸಿಯು ವೈದ್ಯರಿಗೆ ಹೇಳಿ. ಡೆಂಗಿ ತಾಯಿಯಿಂದ ಮಗುವಿಗೆ ದಾಟಬಲ್ಲದು.